ಮೆದುಳಿಗೆ ತಲುಪದ ಮಾತ್ರೆ

ಧನುಶ್ರೀಯ ರಕ್ತದಲ್ಲಿ ಔಷಧದ ಸುಳಿವೇ ಇರಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಿಂದ ಈ ಸುದ್ದಿ ಬಂದ ಕೂಡಲೇ ಅವಳ ಗಂಡ ರವಿಕಿರಣ್ ಫ್ಯಾಕ್ಟರಿಯ ಯೂನಿಫಾರಂನಲ್ಲೇ ರಾಬರ್ಟ್‌ಸನ್‌ಪೇಟೆ ಠಾಣೆಗೆ ಬಂದ. ಹೆಂಡತಿಯ ಮೆದುಳಲ್ಲಿ ಗೆಡ್ಡೆಯಿದೆ, ಅವಳ ಮಾತ್ರೆಯನ್ನು ಯಾರೋ ಬದಲಾಯಿಸಿದ್ದಾರೆ, ಇದು ಕೊಲೆ ಯತ್ನವೇ ಎಂದ. ಎಸ್‌ಐ ಶ್ಯಾಮಲ ಅವನನ್ನು ಕೂರಿಸಿ ಡಾಕ್ಟರಿಗೆ ಫೋನ್ ಮಾಡಿದಳು.

ಡಾಕ್ಟರು ಬಿಡಿಸಿ ಹೇಳಿದರು. ಮೆದುಳಿನ ರಕ್ತನಾಳಗಳಿಗೆ ಒಂದು ತಡೆಗೋಡೆಯಿದೆ. ಔಷಧವನ್ನೂ ಅದು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಅದಕ್ಕೇ ರಕ್ತಕ್ಕೆ ಸಣ್ಣ ಗುಳ್ಳೆಗಳನ್ನು ಬಿಟ್ಟು, ಗೆಡ್ಡೆಗೆ ಗುರಿಯಿಟ್ಟು ತಲೆಯ ಹೊರಗಿನಿಂದ ಅಲ್ಟ್ರಾಸೌಂಡ್ ಹಾಯಿಸುತ್ತಾರೆ. ಗುಳ್ಳೆಗಳು ಅದುರಿ ಗೋಡೆ ಕೆಲವು ಗಂಟೆ ಸಡಿಲವಾಗುತ್ತದೆ. ಅದು ಮತ್ತೆ ಬಿಗಿಯಾಗುವ ಮೊದಲು, ಮನೆ ಮುಟ್ಟಿದ ಕೂಡಲೇ ಮಾತ್ರೆ ನುಂಗಬೇಕು. ಪ್ರಯೋಗದ ಚಿಕಿತ್ಸೆ, ಪ್ರತಿ ತಿಂಗಳೂ ಮಾಡಿದ್ದರು. ಆದರೂ ಗೆಡ್ಡೆ ಬೆಳೆಯುತ್ತಲೇ ಇತ್ತು. ಅನುಮಾನ ಬಂದು ಈ ಸಲ ಚಿಕಿತ್ಸೆಯಾದ ರಾತ್ರಿಯೇ ಮನೆಯಲ್ಲಿ ರಕ್ತ ತೆಗೆಸಿದ್ದರು.

* * *

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ರವಿಕಿರಣನ ತಾಯಿ ಮುನಿಯಮ್ಮ. ಬೇತಮಂಗಲದಲ್ಲಿ ಹಸು ಕಟ್ಟಿಕೊಂಡು, ಸೊಸೆಯ ಆರೈಕೆಗೆಂದು ಬಂದುಹೋಗುತ್ತಿದ್ದಳು. ಶ್ಯಾಮಲ ಬಾಯಿ ತೆರೆಯುವ ಮೊದಲೇ ಅತ್ತಳು. ಬೇರಿನ ಕಷಾಯವನ್ನು ಮಜ್ಜಿಗೆಯಲ್ಲಿ ಬೆರೆಸಿ ಕದ್ದು ಕುಡಿಸಿದ್ದಳಂತೆ.

ಮಾತ್ರೆ ಬಿಡಿಸಿದ್ದೀರಾ ಎಂದು ಶ್ಯಾಮಲ ಗದರಿದಳು.

"ಅಯ್ಯೋ, ಅದ್ನ್ಯಾಕೆ ಬಿಡುಸ್ಲಿ? ಆಸ್ಪತ್ರೆಯಿಂದ ಬಂದ ರಾತ್ರಿ ಮೊಸ್ರನ್ನ ಚೆನ್ನಾಗೇ ತಿಂತಿದ್ಲು. ಮಾರ್ನೇ ದಿನ ಮದ್ಯಾನ್ಕೆ ವಾಂತಿ ಸುರುವಾಗ್ತಿತ್ತು. ನೋಡಾಕಾಗ್ತಿರ್ಲಿಲ್ಲ."

ಶ್ಯಾಮಲ ಬರೆಯುತ್ತಿದ್ದುದನ್ನು ನಿಲ್ಲಿಸಿದಳು. ಉಳಿದ ಮಾತ್ರೆ ಅಸಲಿಯೆಂದು ಲ್ಯಾಬಿನವರು ಆಗಲೇ ಹೇಳಿದ್ದರು. ಅದನ್ನು ನುಂಗಿದ ಕೆಲವು ಗಂಟೆಗೆ ವಾಂತಿ ಬರುತ್ತದೆ ಎಂದು ಡಾಕ್ಟರೂ ಹೇಳಿದ್ದರು. ಹಾಗಾದರೆ ಆ ಮಾತ್ರೆ ಧನುಶ್ರೀಯ ಹೊಟ್ಟೆ ಸೇರಿತ್ತು. ಸೇರಿದ್ದು ಮಾತ್ರ ಮರುದಿನ.

ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ, ಬಂಗಾರಪೇಟೆಗೆ ರೈಲಿನಲ್ಲಿ ಮರಳಿ ಕರೆತಂದು, ಔಷಧ ಕೊಡುತ್ತಿದ್ದವನು ಒಬ್ಬನೇ.

* * *

ಮೈಸೂರು ಮೈನ್ಸ್ ಚಿನ್ನದ ಗಣಿಯ ಹಳೇ ಕ್ವಾರ್ಟರ್ಸಿನ ಜಗುಲಿಯಲ್ಲಿ ಧನುಶ್ರೀಯ ತಂದೆ ಓಂಕಾರಪ್ಪ ಒಳಗೆ ಮಲಗಿದ್ದ ಮಗಳ ಬಟ್ಟೆ ಮಡಿಸುತ್ತ ಕೂತಿದ್ದ. ಗಣಿ ಮುಚ್ಚುವವರೆಗೂ ಪಾತಾಳದಲ್ಲಿ ಬಂಡೆಗೆ ಮದ್ದು ಸಿಡಿಸಿದ ಕೈ. ಶ್ಯಾಮಲಳ ಹಿಂದೆಯೇ ರವಿಕಿರಣನೂ ಬಂದ.

ಮಾತ್ರೆ ಯಾವಾಗ ಕೊಡುತ್ತಿದ್ದಿರಿ ಎಂದು ಶ್ಯಾಮಲ ಕೇಳಿದಳು.

"ಬೆಳಗ್ಗೆ," ಎಂದ ಓಂಕಾರಪ್ಪ. ಮುಚ್ಚಿಡುವುದೇನೂ ಅವನಿಗೆ ಕಾಣಲಿಲ್ಲ.

"ಬಂದ ಕೂಡ್ಲೇ ಅಂತ ಡಾಕ್ಟ್ರು ಹೇಳಿರ್ಲಿಲ್ವಾ?"

"ಏಳಿದ್ರು. ತಲೆಯೊಳ್ಗೆ ಗುಳ್ಳೆ ಅದುರಿಸ್ತೀವಿ ಅಂತಾನೂ ಏಳಿದ್ರು." ಅವನು ಸೀರೆಯ ಅಂಚು ನೇವರಿಸಿದ. "ಬ್ಲಾಸ್ಟ್ ಆದ್ಮೇಲೆ ಒಗೆ ಇಳಿಯೋಗಂಟ ಯಾರ್ನೂ ಒಳೀಕೆ ಬಿಡ್ಬಾರ್ದು ಮೇಡಮ್. ನಮ್ಮಣ್ಣ ಆತುರ ಬಿದ್ದು ಓದ. ವಾಪಸ್ ಬರ್ನಿಲ್ಲ. ಮಗಿ ತಲೆ ರಾತ್ರಿಯೆಲ್ಲ ತಣ್ಣಗಾಗ್ಲಿ ಅಂತ ಬಿಟ್ಟೆ."

ಶ್ಯಾಮಲ ಎಷ್ಟು ಮೆಲ್ಲಗೆ ಹೇಳಬಹುದೋ ಅಷ್ಟು ಮೆಲ್ಲಗೆ ಹೇಳಿದಳು. ಅದು ಸಿಡಿತವಲ್ಲ, ಬಾಗಿಲು ತೆರೆಯುವ ಕೆಲಸ. ಅವನು ಕಾದಷ್ಟೂ ಹೊತ್ತು ಬಾಗಿಲು ಮುಚ್ಚುತ್ತಿತ್ತು. ಬೆಳಿಗ್ಗೆ ಹೋದ ಔಷಧದಲ್ಲಿ ಹೆಚ್ಚಿನ ಪಾಲು ಗೋಡೆಯ ಈಚೆಗೇ ಉಳಿಯಿತು.

ರವಿಕಿರಣ್ ಮಾವನತ್ತ ಕೈ ಎತ್ತಿದ. ಹಾಗೆಯೇ ಇಳಿಸಿ ಮೆಟ್ಟಿಲ ಮೇಲೆ ಕೂತ. ಯಾವ ಕಲಂ ಹಾಕಬೇಕೆಂದು ಶ್ಯಾಮಲಳಿಗೂ ತೋಚಲಿಲ್ಲ. ಯಾರ ಮೇಲೆ ಸಿಟ್ಟಾಗಬೇಕೋ ಅದೂ ತಿಳಿಯಲಿಲ್ಲ.

"ಇನ್ನೊಂದ್ಸಲ ಬಾಗ್ಲು ತೆಗೀತಾರಾ ಮೇಡಮ್?" ಎಂದು ಓಂಕಾರಪ್ಪ ಕೇಳಿದ.

ಬರುವ ಮುನ್ನ ಶ್ಯಾಮಲಳೂ ಡಾಕ್ಟರನ್ನು ಅದನ್ನೇ ಕೇಳಿದ್ದಳು. ಗೆಡ್ಡೆ ಮೆದುಳಿನ ಆಚೆ ಬದಿಗೂ ಹಬ್ಬಿದೆ, ಇನ್ನು ಪ್ರಯೋಜನವಿಲ್ಲ ಎಂದಿದ್ದರು. ಅವಳು ಇಲ್ಲವೆಂದು ತಲೆಯಾಡಿಸಿದಳು.

ಒಳಗೆ ಧನುಶ್ರೀ ನರಳಿದಳು. ನೋವಿನ ಗುಳಿಗೆಯ ಹೊತ್ತಾಗಿತ್ತು. ಓಂಕಾರಪ್ಪ ಅದನ್ನು ಅಳಿಯನ ಕೈಗೆ ತುರುಕಿ ಗೋಡೆಯತ್ತ ಮುಖ ಮಾಡಿ ನಿಂತ. ರವಿಕಿರಣ್ ಎದ್ದು ಒಳಗೆ ಹೋದ.

"ನೀವು ಬೇಡ," ಎಂದಳು ಅವಳು. ಜಗುಲಿಯ ಮಾತೆಲ್ಲ ಅವಳಿಗೆ ಕೇಳಿಸಿತ್ತು. "ನಮ್ಮಪ್ಪನೇ ಕೊಡ್ಲಿ."