ಮೂರನೆಯ ‘ಆಗಲಿ’

ಬೆಟ್ಟಗಳಿಗೆ ಇನ್ನೂ ಹೆಸರಿಡದಿದ್ದ ಕಾಲದಲ್ಲಿ ನಾದಾವತಿ ಎಂಬ ರಾಜ್ಯವಿತ್ತು. ಅಲ್ಲಿ ಎಲ್ಲವೂ ಗಂಟೆಯ ಮಾತಿನಂತೆ ನಡೆಯುತ್ತಿತ್ತು. ಗಂಟೆ ಬಾರಿಸಿದರೆ ಸಂತೆ ತೆರೆಯುತ್ತಿತ್ತು. ಗಂಟೆ ಬಾರಿಸಿದರೆ ನದಿ ತನ್ನ ಮಂಜನ್ನು ಮಡಿಸಿಟ್ಟು ದೋಣಿಗಳಿಗೆ ದಾರಿ ಬಿಡುತ್ತಿತ್ತು. ಆದ್ದರಿಂದ ಗಂಟೆ ಎರಕ ಹೊಯ್ಯುವ ಕಂಚುಗಾರರು ಎದುರಾದರೆ ಅರಸನೂ ಎದ್ದು ನಿಲ್ಲುತ್ತಿದ್ದನು.

ಕಂಚುಗಾರರ ಕೇರಿಗೆ ಕಲ್ಲೋಜನೆಂಬ ಹಿರಿಯನಿದ್ದನು. ಹೆಚ್ಚು ಮಾತನಾಡುವವನಲ್ಲ. ಹೊಗಳುವವನಂತೂ ಅಲ್ಲವೇ ಅಲ್ಲ. ಅವನ ಕೈಕೆಳಗೆ ಮಾಚಲೆ ಎಂಬ ಹುಡುಗಿ ಹನ್ನೆರಡು ವರ್ಷ ಕಲಿತಳು. ಅವಳು ಹೊಯ್ದ ಗಂಟೆಯ ದನಿ ಮೂರು ಹರದಾರಿ ದೂರ ಕೇಳುತ್ತಿತ್ತು. ಇನ್ನು ಉಳಿದದ್ದು ಒಂದೇ. ಕೇರಿಯ ನಿಯಮದಂತೆ ಪರಸ್ಥಳದ ಎರಕಶಾಲೆಯಲ್ಲಿ ಒಂದು ವರ್ಷ ದುಡಿದು, ತನ್ನ ಕೈಯ ಗಂಟೆಯೊಡನೆ ಮರಳಬೇಕು. ಮರಳಿದವರಿಗೆ ಸ್ವಂತ ಸುತ್ತಿಗೆ ಕೊಡುತ್ತಿದ್ದರು. ಅರ್ಧಕ್ಕೆ ಬಿಟ್ಟು ಬಂದವರಿಗೆ ಅದು ಎಂದೆಂದಿಗೂ ಇಲ್ಲ.

ಹೊರಡುವ ಬೆಳಿಗ್ಗೆ ಕಲ್ಲೋಜನು ಅವಳನ್ನು ಕರೆದನು.

“ಹೊಸ ಜಾಗದಲ್ಲಿ ಮೂರನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳು. ಬಾಗಿಲು. ಊಟದ ತಟ್ಟೆ. ಲೋಹ ಕರಗಿಸುವ ಮೂಸೆ. ತಟ್ಟುವ ಮೊದಲು ಯಾವುದಕ್ಕೂ ‘ಆಗಲಿ’ ಎನ್ನಬೇಡ.”

“ಆಗಲಿ, ಅಜ್ಜ.”

“ಈಗಲೇ ಅಂದೆಯಲ್ಲ!” ಎಂದು ಮುದುಕನು ಗದರಿದನು.

ಕೇರಿಯ ಮಕ್ಕಳ ರೂಢಿಯೇ ಅದು. ಹಿರಿಯರು ಏನು ಹೇಳಿದರೂ ಮೊದಲು ‘ಆಗಲಿ’ ಎನ್ನುವುದು. ಹೇಳಿದ್ದೇನೆಂದು ಆಮೇಲೆ ಯೋಚಿಸುವುದು.

ಮಾಚಲೆ ಏಳು ದಿನ ನಡೆದು ಬಿಳಿಗಲ್ಲಿನ ಕೋಟೆಯೊಂದನ್ನು ಸೇರಿದಳು. ಅದು ಮೃದುಹಾಸನ ಎರಕಶಾಲೆ. ನಾಲ್ಕು ರಾಜ್ಯಗಳಲ್ಲಿ ಅದರ ಹೆಸರಿತ್ತು. ಬಾಗಿಲ ಮೇಲೆ ಮನೆಯಷ್ಟು ದೊಡ್ಡ ಗಂಟೆಯೊಂದು ತೂಗುತ್ತಿತ್ತು. ಮಾಚಲೆ ತಟ್ಟಲು ಕೈಯೆತ್ತಿದಳು. ಅಷ್ಟರಲ್ಲಿ ಬಾಗಿಲು ತಾನಾಗಿ ತೆರೆಯಿತು. ಮೃದುಹಾಸನೇ ಎದುರು ನಿಂತಿದ್ದನು. ಅವನ ಮುಖದಲ್ಲಿ ನಗೆ ಇತ್ತು. ಆ ನಗೆ ಕದಲುತ್ತಿರಲಿಲ್ಲ.

“ಬಾ, ಮಗಳೇ, ಬಾ. ನಿನ್ನಂಥ ಕೈಗಾಗಿ ಹನ್ನೆರಡು ವರ್ಷ ಕಾದಿದ್ದೇನೆ.”

ಹನ್ನೆರಡು ವರ್ಷ ಹೊಗಳಿಕೆ ಕೇಳದ ಕಿವಿ ಅದು. ಮಾಚಲೆ ಬಾಗಿಲು ತಟ್ಟುವುದನ್ನು ಮರೆತು ಒಳಗೆ ಕಾಲಿಟ್ಟಳು.

“ಇಲ್ಲಿ ಯಾರೂ ಕೆಲಸಗಾರರಲ್ಲ. ಎಲ್ಲರೂ ನನ್ನ ಮನೆಯ ಮಕ್ಕಳು. ಮನೆಯಲ್ಲಿ ಹೊತ್ತು ನೋಡಿ ದುಡಿಯುತ್ತಾರೆಯೇ? ಗಂಟೆ ಕರೆದಾಗಲೆಲ್ಲ ಬರಬೇಕು. ಅಷ್ಟೇ.”

“ಆಗಲಿ” ಎಂದಳು ಮಾಚಲೆ.

ಮೇಲಿನ ಗಂಟೆ ತಾನಾಗಿ ಇಂಪಾಗಿ ಮೊಳಗಿತು. ಅವಳ ಎಡಗೈಯ ಕಿರುಬೆರಳು ತಣ್ಣಗಾಯಿತು. ದಾರಿಯ ಚಳಿಯಿರಬೇಕೆಂದು ಅವಳು ಕೈ ಉಜ್ಜಿಕೊಂಡಳು.

“ಒಡೆಯರೇ, ನನ್ನ ಸ್ವಂತ ಗಂಟೆ ಹೊಯ್ಯಲು ಯಾವ ತಿಂಗಳು ಬಿಡುವು?”

“ನೋಡೋಣ” ಎಂದನು ಮೃದುಹಾಸ.

ಅವನು ಹೋದ ಮೇಲೆ ಮಾಚಲೆ ತಿರುಗಿ ಬಾಗಿಲನ್ನು ತಟ್ಟಿದಳು. ದನಿ ಬರಲಿಲ್ಲ. ಒಳಬದಿಯಲ್ಲಿ ಹಿಡಿಯಿಲ್ಲ, ಅಗುಳಿಯಿಲ್ಲ, ಸಂದೂ ಇಲ್ಲ. ಹೊರಗಿನಿಂದ ಬಾಗಿಲು. ಒಳಗಿನಿಂದ ಗೋಡೆ.

ಅಂಗಳದಲ್ಲಿ ಹನ್ನೊಂದು ಕಂಚಿನ ಮೃಗಗಳು ದುಡಿಯುತ್ತಿದ್ದವು. ಕಂಚಿನ ಆನೆ ಇದ್ದಿಲು ಹೊರುತ್ತಿತ್ತು. ಕಂಚಿನ ಕಡವೆ ನೀರು ತರುತ್ತಿತ್ತು. ಕಂಚಿನ ಎತ್ತು ಕುಲುಮೆಗೆ ಗಾಳಿಯೂದುವ ತಿದಿ ತುಳಿಯುತ್ತಿತ್ತು. ಮನುಷ್ಯರು ಒಬ್ಬರೂ ಇರಲಿಲ್ಲ.

ಎರಡನೆಯ ದಿನ ನಡುಹಗಲಾಯಿತು. ಊಟಕ್ಕೆ ಯಾರೂ ಕರೆಯಲಿಲ್ಲ. ಅಡುಗೆಮನೆಯಲ್ಲಿ ಹನ್ನೊಂದು ತಟ್ಟೆಗಳು ಸಾಲಾಗಿದ್ದವು. ಥಳಥಳ ಹೊಳೆಯುತ್ತಿದ್ದವು. ಮಾಚಲೆ ಒಂದನ್ನು ತಟ್ಟಿದಳು. ಟಣ್ ಎಂದು ಹೊಸ ಲೋಹದ ದನಿ ಬಂದಿತು. ಅದರಲ್ಲಿ ಕೈಯ ಗೀರಿಲ್ಲ, ಹುಳಿಯ ಕಲೆಯಿಲ್ಲ. ಯಾರೂ ಎಂದೂ ಉಣ್ಣದ ತಟ್ಟೆಗಳು ಅವು.

“ಒಡೆಯರೇ, ಇಲ್ಲಿ ಊಟದ ಹೊತ್ತು ಯಾವುದು?”

“ನೋಡೋಣ” ಎಂದನು ಮೃದುಹಾಸ. “ಮೊದಲು ಈ ಹೊರೆಯನ್ನು ಮುಗಿಸು. ಹತ್ತು ಜನರ ಕೆಲಸ, ನಿಜ. ಆದರೆ ನಿನ್ನನ್ನು ನಂಬಿ ಬೇರೆಯವರನ್ನು ಕರೆಯಲೇ ಇಲ್ಲ. ನನ್ನ ಮಾತು ಉಳಿಸುತ್ತೀಯಲ್ಲವೇ, ಮಗಳೇ?”

ಹಿರಿಯ ಮನುಷ್ಯ. ನಯವಾದ ಮಾತು. ನಾಲಗೆ ರೂಢಿಯಂತೆ ಹೊರಳಿತು.

“ಆಗಲಿ.”

ಗಂಟೆ ಇಂಪಾಗಿ ಮೊಳಗಿತು. ಈ ಬಾರಿ ಮಾಚಲೆ ಕೈಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಎಡಗೈಯ ಕಿರುಬೆರಳು ಕಂಚಾಗಿತ್ತು. ಬಲಗೈಯ ಕಿರುಬೆರಳೂ ಕಂಚಾಗಿತ್ತು.

“ಎರಡಾಯಿತು” ಎಂದಿತು ತಿದಿ ತುಳಿಯುತ್ತಿದ್ದ ಎತ್ತು. “ಮೂರನೆಯದಕ್ಕೆ ಕೊಂಬು ಬರುತ್ತದೆ. ಹೆದರಬೇಡ, ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ.”

“ನೀನು ಯಾರು?”

“ನಿನ್ನ ಕೇರಿಯವನೇ. ನಾವು ಹನ್ನೊಂದು ಮಂದಿಯೂ ಅಲ್ಲಿಯವರೇ. ನಾನು ಸೋವೋಜ. ಮೂರನೆಯ ಮನೆ, ನುಗ್ಗೆಮರ ಇರುವುದು. ಕೇರಿಯಲ್ಲಿ ನನ್ನನ್ನು ಏನೆನ್ನುತ್ತಾರೆ?”

ಮಾಚಲೆ ತಡವರಿಸಿದಳು. “ಸೋಮಾರಿ ಎನ್ನುತ್ತಾರೆ. ಊರು ಮರೆತು ಎಲ್ಲೋ ಸುಖವಾಗಿದ್ದಾನೆ ಎನ್ನುತ್ತಾರೆ.”

“ಸುಖ!” ಎತ್ತು ತಿದಿಯನ್ನು ಜೋರಾಗಿ ತುಳಿಯಿತು. “ಒಂಬತ್ತು ವರ್ಷದಿಂದ ಕುಳಿತಿಲ್ಲ, ತಂಗಿ. ಆ ಗಂಟೆಯನ್ನು ಹೊಯ್ದದ್ದು ತಾಮ್ರದಿಂದಲ್ಲ. ನಮ್ಮ ‘ಆಗಲಿ’ಗಳಿಂದ. ನಾವು ಒಂದೊಂದು ಸಲ ಅಂದಾಗಲೂ ಅದು ಬೆಳೆಯುತ್ತದೆ. ಅವನಿಂದ ನೀನು ಎಂದಾದರೂ ‘ಆಗಲಿ’ ಕೇಳಿದೆಯಾ?”

ಮಾಚಲೆ ನೆನಪು ಮಾಡಿಕೊಂಡಳು. ಅವಳು ಎರಡು ಪ್ರಶ್ನೆ ಕೇಳಿದ್ದಳು. ಎರಡಕ್ಕೂ ಬಂದ ಉತ್ತರ ‘ನೋಡೋಣ’.

“ಬೇಡ ಎಂದರೆ ಏನಾಗುತ್ತದೆ?”

“ಗೊತ್ತಿಲ್ಲ. ಯಾರೂ ಅಂದಿಲ್ಲ. ನನಗಂತೂ ಆ ಮಾತು ಹೇಗೆ ಶುರುವಾಗುತ್ತದೆ ಎಂಬುದೇ ಮರೆತುಹೋಗಿದೆ. ಆದರೆ ಯೋಚಿಸು. ವರ್ಷ ತುಂಬದೆ ಹೋದರೆ ಸುತ್ತಿಗೆ ಇಲ್ಲ. ಹನ್ನೆರಡು ವರ್ಷದ ಕಲಿಕೆ ನೀರಿನಲ್ಲಿ ಹೋಯಿತು.”

ಮಾಚಲೆ ಆ ದಿನ ತನ್ನ ಎರಡು ಕಂಚಿನ ಬೆರಳುಗಳನ್ನು ಒಂದಕ್ಕೊಂದು ತಟ್ಟಿ ಕೇಳುತ್ತ ಕುಳಿತಳು.

ಮೂರನೆಯ ದಿನ ಮೃದುಹಾಸನು ಎಲ್ಲ ಮೃಗಗಳನ್ನೂ ಅಂಗಳದಲ್ಲಿ ಸೇರಿಸಿದನು. ನಡುವೆ ಒಂದು ಮೂಸೆಯನ್ನು ಇಡಿಸಿದನು. ಎತ್ತು ಮಾತ್ರ ತಿದಿ ತುಳಿಯುತ್ತಲೇ ಇತ್ತು.

“ಇದರಲ್ಲಿ ಅರಸರ ಗಂಟೆಗೆ ಲೋಹ ಕರಗಿಸು. ಎರಕ ಕೆಟ್ಟರೆ ತಪ್ಪು ನಿನ್ನದೆಂದು ಎಲ್ಲರ ಮುಂದೆ ಒಪ್ಪಿಕೋ. ಮನೆಯ ಮಗಳಲ್ಲವೇ?”

ಈ ಬಾರಿ ಮಾಚಲೆ ಆತುರಪಡಲಿಲ್ಲ. ಮೂಸೆಯ ಬಳಿ ಕುಳಿತಳು. ಕಂಚಿನ ಕಿರುಬೆರಳಿನಿಂದ ತಟ್ಟಿದಳು. ಕಿವಿಗೊಟ್ಟು ಕೇಳಿದಳು. ಒಡಕು ದನಿ ಬಂದಿತು.

“ಒಡೆಯರೇ, ಮೂಸೆಯ ತಳದಲ್ಲಿ ಬಿರುಕಿದೆ. ಹಳೆಯ ಬಿರುಕು. ಯಾರು ಹೊಯ್ದರೂ ಎರಕ ಕೆಡುತ್ತದೆ. ಬೇರೆ ಮೂಸೆ ಕೊಡುತ್ತೀರಾ?”

“ನೋಡೋಣ. ಈಗ ಒಪ್ಪಿಕೋ.”

ಮಾಚಲೆ ಎದ್ದು ನಿಂತಳು. ಬೆನ್ನು ನೇರ ಮಾಡಿದಳು.

“ಒಲ್ಲೆ.”

ಮೇಲಿನ ಗಂಟೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದಿತು. ಮೃದುಹಾಸನ ನಗೆ ಹಾಗೆಯೇ ಇತ್ತು. ದನಿ ಮಾತ್ರ ಬದಲಾಯಿತು.

“ಎಷ್ಟು ಧಿಮಾಕು! ಕೃತಘ್ನೆ! ಕೆಲಸ ಬಾರದೆ ಓಡಿಹೋದಳೆಂದು ನಿನ್ನ ಕೇರಿಗೆ ನಾನೇ ಓಲೆ ಬರೆಯುತ್ತೇನೆ. ನಿನಗೆ ಯಾರೂ ಸುತ್ತಿಗೆ ಕೊಡರು.”

“ಬರೆಯಿರಿ. ಸುತ್ತಿಗೆಗಾಗಿ ಸುಳ್ಳನ್ನು ಒಪ್ಪಿಕೊಳ್ಳುವ ಕೈ ನನ್ನದಲ್ಲ. ಒಲ್ಲೆ ಎಂದರೆ ಒಲ್ಲೆ.”

ಆಗ ತಿದಿಯ ಸದ್ದು ನಿಂತಿತು. ಒಂಬತ್ತು ವರ್ಷದಲ್ಲಿ ಅದೇ ಮೊದಲು. ಕಂಚಿನ ಎತ್ತು ಬಾಯಿ ತೆರೆಯಿತು. “ಒ…” ಎಂದಿತು. ಮತ್ತೆ “ಒ…” ಎಂದಿತು. ಮೂರನೆಯ ಸಲಕ್ಕೆ ಮಾತು ಪೂರ್ತಿಯಾಗಿ ಬಂದಿತು.

“ಒಲ್ಲೆ!”

ಬಿರುಕು ಗಂಟೆಯ ನೆತ್ತಿಯವರೆಗೆ ಏರಿತು. ಆನೆ ಒಲ್ಲೆ ಎಂದಿತು. ಕಡವೆ ಒಲ್ಲೆ ಎಂದಿತು. ಹನ್ನೊಂದು ಗಂಟಲುಗಳು ಒಟ್ಟಿಗೆ ಒಲ್ಲೆ ಎಂದವು. ಮನೆಯಷ್ಟು ದೊಡ್ಡ ಗಂಟೆ ಎರಡು ಹೋಳಾಗಿ ನೆಲಕ್ಕೆ ಬಿದ್ದಿತು. ಬಾಗಿಲಿದ್ದ ಕಡೆ ಗೋಡೆ ಸೀಳಿ ಬೆಳಕು ಒಳಗೆ ಬಂದಿತು. ಮೃದುಹಾಸನ ನಗೆ ಕಳಚಿ ಕಲ್ಲಿನ ಮೇಲೆ ಠಣಾರನೆ ಉರುಳಿತು. ಅದು ಬರಿಯ ಮುಖವಾಡ. ಅದರ ಹಿಂದೆ ಮುಖವೇ ಇರಲಿಲ್ಲ. ಖಾಲಿ ಅಂಗಿಯೊಂದು ಮಡಿಚಿಕೊಂಡು ಕೆಳಗೆ ಬಿದ್ದಿತು. ಮಾಂತ್ರಿಕನ ಕತೆ ಅಲ್ಲಿಗೆ ಮುಗಿಯಿತು.

ಮೃಗಗಳು ಮನುಷ್ಯರಾದವು. ಮಾಚಲೆಯ ಎಡಗೈಯ ಬೆರಳು ಬೆಚ್ಚಗಾಯಿತು. ಆದರೆ ಪ್ರತಿಯೊಬ್ಬರ ಬಲಗೈಯಲ್ಲೂ ಕಿರುಬೆರಳು ಕಂಚಾಗಿಯೇ ಉಳಿಯಿತು. ಅವಳದೂ ಉಳಿಯಿತು. ಸೋವೋಜನು ಮೊದಲು ಮಾಡಿದ ಕೆಲಸವೆಂದರೆ ಕುಳಿತುಕೊಂಡದ್ದು.

ಹನ್ನೆರಡು ಮಂದಿ ಒಡೆದ ಗಂಟೆಯ ಲೋಹವನ್ನು ಹೊತ್ತು ಕೇರಿಗೆ ಬಂದರು. ಕೇರಿ ಸೇರಿತು. ಕಲ್ಲೋಜನು ಕಟ್ಟೆಯ ಮೇಲೆ ಕುಳಿತು ವಿಚಾರಣೆ ಮಾಡಿದನು.

“ವರ್ಷ ತುಂಬಿತೇ?”

“ಇಲ್ಲ. ಅಲ್ಲಿ ಇದ್ದದ್ದು ಮೂರು ದಿನ.”

“ನಿನ್ನ ಗಂಟೆ ಎಲ್ಲಿ?”

“ಹೊಯ್ಯಲಿಲ್ಲ. ಅವನದನ್ನು ಒಡೆದೆ.”

“ನಾನು ಹೇಳಿದ್ದನ್ನು ಪಾಲಿಸಿದೆಯಾ?”

“ಎರಡು ಸಲ ತಪ್ಪಿದೆ, ಅಜ್ಜ.”

“ಮೂರನೆಯ ಸಲ?”

“ತಪ್ಪಲಿಲ್ಲ.”

ಮುದುಕನು ಅವಳ ಬಲಗೈ ಹಿಡಿದನು. ಕಂಚಿನ ಬೆರಳನ್ನು ಗೆಣ್ಣಿನಿಂದ ತಟ್ಟಿದನು. ಆ ಸಣ್ಣ ದನಿ ಕೇರಿಯ ಕೊನೆಯ ಮನೆಯವರೆಗೆ ಹೋಗಿ ತಡವಾಗಿ ಅಡಗಿತು. ಅದರಲ್ಲಿ ಒಡಕಿರಲಿಲ್ಲ.

“ಸುತ್ತಿಗೆ ತನ್ನಿ” ಎಂದನು.

“ನಿಯಮ ಹಾಗಿಲ್ಲವಲ್ಲ, ಹಿರಿಯರೇ?” ಎಂದನೊಬ್ಬ.

ಕಲ್ಲೋಜನು ಎದ್ದು ನಿಂತನು. “ನಿಯಮ ನನ್ನದು. ತಪ್ಪೂ ನನ್ನದು. ಈ ಹನ್ನೊಂದು ಮಂದಿಯನ್ನು ಕಳಿಸಿದವನು ನಾನು. ಬಾರದಿದ್ದಾಗ ಸೋಮಾರಿಗಳೆಂದು ಬೈದವನೂ ನಾನೇ. ಒಬ್ಬನನ್ನೂ ಹುಡುಕಲಿಲ್ಲ. ಇಂದಿನಿಂದ ನಿಯಮ ಹೀಗೆ: ಕೆಟ್ಟ ಜಾಗವನ್ನು ಗುರುತಿಸಿ ಬಿಟ್ಟು ಬಂದವರು ಅರ್ಧಕ್ಕೆ ಬಂದವರಲ್ಲ. ಪೂರ್ತಿ ಕಲಿತು ಬಂದವರು.”

ಸುತ್ತಿಗೆ ಬಂದಿತು. ಮುದುಕನು ಎರಡೂ ಕೈಯಿಂದ ಕೊಟ್ಟನು. ಹೊಗಳಲಿಲ್ಲ. ಕೊಡುವಾಗ ತಲೆ ಮಾತ್ರ ಬಾಗಿಸಿದನು. ಮಾಚಲೆ ಅದನ್ನು ನೋಡಿದಳು. ಅವಳಿಗೆ ಅಷ್ಟು ಸಾಕಿತ್ತು.

“ಇನ್ನು ಮೇಲೆ ಹೊರಡುವ ಮಕ್ಕಳಿಗೆ ಪಾಠ ಹೇಳುವವಳು ನೀನು. ಒಪ್ಪಿಗೆಯೇ?”

ಕೇರಿಯೆಲ್ಲ ಅವಳ ಬಾಯನ್ನೇ ನೋಡಿತು. ಮಾಚಲೆ ಸುತ್ತಿಗೆಯನ್ನು ತಟ್ಟಿ ಕೇಳಿದಳು. ಹಿಡಿಯನ್ನು ತಿರುಗಿಸಿ ನೋಡಿದಳು. ಮುದುಕನ ಮುಖ ನೋಡಿದಳು. ಆಮೇಲೆ ತಲೆಯೆತ್ತಿ ಹೇಳಿದಳು.

“ಆಗಲಿ.”

ಒಡೆದ ಲೋಹದಿಂದ ಹನ್ನೆರಡು ಗಂಟೆಗಳಾದವು. ನದಿ ಮೊದಲಿನಂತೆ ಮಂಜು ಮಡಿಸಿತು. ಸೋವೋಜನು ನುಗ್ಗೆಮರದ ಕೆಳಗೆ ಕುಳಿತೇ ಕೆಲಸ ಮಾಡಿದನು. ದುಡಿಯುವ ಹೊತ್ತಿಗೆ ದುಡಿದು, ಉಣ್ಣುವ ಹೊತ್ತಿಗೆ ಉಂಡು, ನಾದಾವತಿಯ ಜನರು ತಲೆಯೆತ್ತಿ ಬಾಳಿದರು.