ಅಳತೆ ಬ್ಲೌಸಿನ ಮಿಂಚುಳ್ಳಿ

ಸೌಮ್ಯಳ ಟೈಲರಿಂಗ್ ಅಂಗಡಿಯಲ್ಲಿ ಎರಡನೆಯ ಮೇಜಿರಲಿಲ್ಲ. ಹೊಲಿಯುವ ಬಟ್ಟೆ, ಎಸೆಯುವ ಚೂರು, ಗಿರಾಕಿಗಳು ಮಾದರಿಗೆಂದು ಬಿಟ್ಟುಹೋದ ಅಳತೆ ಬ್ಲೌಸು, ಎಲ್ಲವೂ ಒಂದೇ ಮೇಜಿನ ಮೇಲೆ. ಹಾಗಾಗಿ ಚಂದ್ರಮತಿಯವರ ಹಳೆಯ ನೀಲಿ ಬ್ಲೌಸು ಚಿಂದಿಯ ಚೀಲ ಸೇರಿ ನಿರಂಜನನ ಜೊತೆ ಹೋಗಿಬಿಟ್ಟಿತ್ತು.

ನಿರಂಜನ ಶಿಲ್ಪಿ. ಕಲ್ಲು ಮುಟ್ಟುವವನಲ್ಲ. ಹಳೇ ಬಟ್ಟೆಯ ಹೊಲಿಗೆ ಬಿಚ್ಚಿ, ಗಂಜಿಯಲ್ಲಿ ಅದ್ದಿ, ಕತ್ತರಿ ತಾಗಿಸದೆ ಬರೀ ನಿರಿಗೆ ಹಿಡಿದು ಹಕ್ಕಿ ಮಾಡುತ್ತಿದ್ದ. ಚೀಲ ಒಯ್ಯಲು ಒಂಟಿಕೊಪ್ಪಲಿನ ಅವಳ ಅಂಗಡಿಗೆ ಬಂದಾಗ ಅವನ ಕಣ್ಣು ಚಿಂದಿಗಿಂತ ಹೆಚ್ಚಾಗಿ ಅವಳ ಬೆರಳುಗಳ ಮೇಲಿರುತ್ತಿತ್ತು. ಸೌಮ್ಯ ಕಾಣದವಳಂತೆ ಮಿಷನ್ ತುಳಿಯುತ್ತಿದ್ದಳು. ಹೊಲಿಗೆ ಸೊಟ್ಟಗಾಗುತ್ತಿತ್ತು.

ಈಗ ಅವಳೇ ಗೋಕುಲಂನ ಅವನ ಶೆಡ್ಡಿಗೆ ಓಡಿಬಂದಿದ್ದಳು.

“ನೀಲಿ ಬ್ಲೌಸ್ ಎಲ್ರೀ?”

ಅವನು ಆ ಬಟ್ಟೆಯಿಂದ ಮಾಡಿದ್ದ ಮಿಂಚುಳ್ಳಿಯತ್ತ ಕೈ ತೋರಿಸಿದ. ನಿರಿಗೆಯೊಳಗೆ ನಿರಿಗೆ, ಪ್ರತಿ ಗರಿಯೂ ಬೇರೆ ಬೇರೆ.

“ಅಯ್ಯೋ, ಅದು ಚಂದ್ರಮತಿಯವ್ರ ಅಳತೆ ಬ್ಲೌಸ್ ಕಣ್ರೀ! ಮಗಳ ಮದುವೆಗೆ ಅವ್ರಿಗೆ ಹೊಲೀಬೇಕು. ಮೈಗೆ ಟೇಪ್ ಮುಟ್ಟಿಸ್ಕೊಳ್ಳಲ್ಲ ಅವ್ರು. ಕಳೆದ್ಬುಟ್ಟೆ ಅಂದ್ರೆ ಅವ್ರಿರೋ ಲಕ್ಷ್ಮೀಪುರಂನಲ್ಲಿ ನಂಗೆ ಒಬ್ರೂ ಗಿರಾಕಿ ಉಳಿಯಲ್ಲ.”

“ಕಂಕುಳಲ್ಲಿ ತೇಪೆ ಇತ್ತಲ್ಲ, ಚಿಂದಿ ಅಂದ್ಕೊಂಡೆ.”

“ಹಳೇದಾದ್ರೂ ಸರಿಯಾಗಿ ಕೂರತ್ತೆ ಅಂತ್ಲೇ ಕೊಟ್ಟಿರೋದು!”

ಮರುದಿನ ಪ್ರದರ್ಶನ, ಅವನ ಮೊದಲನೆಯದು. ಅವನ ಹಕ್ಕಿಗಳಲ್ಲಿ ಇದೊಂದನ್ನೇ ಆರಿಸಿದ್ದರು. ಸೌಮ್ಯಳಿಗೆ ಅದು ಗೊತ್ತಿತ್ತು. ‘ಬಿಚ್ಚಿ’ ಎನ್ನಲು ಬಾಯಿ ಬರಲಿಲ್ಲ. ‘ಹೋಗಲಿ ಬಿಡಿ’ ಎನ್ನಲೂ ಬರಲಿಲ್ಲ.

ನಿರಂಜನ ಬಿಸಿನೀರು ಕಾಯಿಸಿ ತಂದು ಹಕ್ಕಿಯನ್ನು ಅದರಲ್ಲಿ ಇಳಿಸಿದ.

“ಏನ್ರೀ ಮಾಡ್ತಿದ್ದೀರಿ?”

“ಗಂಜಿ ಬಿಡಿಸ್ತಿದ್ದೀನಿ. ಗಮ್ ಹಾಕಿದ್ರೆ ಕಷ್ಟ ಆಗ್ತಿತ್ತು.”

ರೆಕ್ಕೆ ಬಿಚ್ಚಿ ತೋಳಾಯಿತು. ಎದೆ ಬಿಚ್ಚಿ ಬೆನ್ನಿನ ತುಂಡಾಯಿತು. ಇಬ್ಬರೂ ಕೂತು ಚಾಪೆಯ ಮೇಲೆ ಹರಡಿದರು. ಒಂದೂ ಕತ್ತರಿಸಿರಲಿಲ್ಲ, ಅಳತೆ ಹಾಗೇ ಇತ್ತು; ಮತ್ತೆ ಜೋಡಿಸಿ ಹೊಲಿದರಾಯಿತು. ಕೊನೆಯ ತುಂಡು ಎಳೆಯುವಾಗ ಬೆರಳು ತಾಗಿದವು. ಯಾರೂ ಕೈ ತೆಗೆಯಲಿಲ್ಲ.

“ನಂಗೂ ಒಂದು ಶರ್ಟ್ ಹೊಲೀರಿ” ಎಂದ.

“ನಾನು ಲೇಡೀಸ್ ಟೈಲರ್.” ತುಂಡೊಂದರ ಅಂಚು ನೇರ ಮಾಡಿದಳು. “ಅಳತೆ ಶರ್ಟ್ ಎಲ್ಲಿ?”

“ಇಲ್ಲ. ನಾನೇ ಇದ್ದೀನಲ್ಲ.”

ಸೌಮ್ಯ ಕೊರಳಿನ ಟೇಪ್ ತೆಗೆದಳು. “ನೆಟ್ಟಗೆ ನಿಂತ್ಕೊಳ್ಳಿ. ಉಸಿರು ಬಿಗಿ ಹಿಡೀಬೇಡಿ, ಅಳತೆ ತಪ್ಪತ್ತೆ.”

“ಹಿಡಿದಿಲ್ಲ. ತಾನಾಗೇ ನಿಂತುಹೋಗಿದೆ.”

ಅವಳು ನಕ್ಕಳು. ಟೇಪು ಅವನ ಭುಜದ ಮೇಲೆ, ಅದರ ಮೇಲೆ ಅವಳ ಅಂಗೈ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇತ್ತು.

ಹೋದದ್ದು ಒಂದು ಮಿಂಚುಳ್ಳಿ, ಒಂದು ತಿಂಗಳ ಕೆಲಸ, ಒಂದು ಪ್ರದರ್ಶನ. ನಿರಂಜನನಿಗೆ ಅದು ನಷ್ಟವೆನಿಸಲಿಲ್ಲ.