ಬೋರಾಮಣಿಯ ಅರೆತಲೆನೋವು

“ನಮ್ಮ ಸೊಸಿ ನನ್ನ ಮಗಗ ವಿಷಾ ಹಾಕ್ಯಾಳ್ರಿ,” ಎಂದಳು ತುಳಜಾಬಾಯಿ, ಮೆಟ್ಟಿಲು ಹತ್ತಿ ಬಂದ ಏದುಸಿರಿನಲ್ಲೇ.

ನಿವೃತ್ತ ಪೊಲೀಸ್ ಜಮಾದಾರ ಸಾತಲಿಂಗಪ್ಪನವರು ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ, ಪ್ರಸಾದನ ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿದ್ದರು. ಪೊಲೀಸರಿಗೆ ಹೇಳಲಾಗದ ದೂರುಗಳು ಅವರ ಬಳಿ ಬರುತ್ತಿದ್ದವು. ಪ್ರತಿ ಪತ್ತೇದಾರಿಯಲ್ಲೂ ಪ್ರಸಾದ ಅವರ ಜೊತೆಗಾರ.

ತಾಯಿಯ ಹಿಂದೆ ಬೋರಾಮಣಿ ಹಳ್ಳಿಯ ಕುರಿಗಾರ ಅಮೋಗಸಿದ್ಧ ತಲೆ ತಗ್ಗಿಸಿ ನಿಂತಿದ್ದ. ಎಂಟು ತಿಂಗಳು ಅರೆತಲೆನೋವು ಅವನನ್ನು ಹಿಂಡಿತ್ತು. ಹೆಂಡತಿ ಛಾಯಾಳನ್ನು ಅಕ್ಕಲಕೋಟೆಯ ತವರಿಗೆ ಅಟ್ಟಿದ ಮೇಲೆ, ಎರಡು ತಿಂಗಳಲ್ಲಿ ನೋವು ನಿಂತುಬಿಟ್ಟಿತ್ತು.

“ಅಡಗಿ ಯಾರು ಮಾಡತಿದ್ರಿ?” ಸಾತಲಿಂಗಪ್ಪನವರು ಕೇಳಿದರು.

“ನಾನ ರೀ. ಆಕಿ ಆಪರೇಶನ್ ಆದಾಕಿ, ಬರೇ ಮಜ್ಜಿಗಿ ಮಾಡತಿದ್ಲು. ಅದನ್ನ ಲ್ಯಾಬಿಗಿ ಕೊಟ್ಟಿವಿ, ಏನೂ ಸಿಗಲಿಲ್ಲ.”

“ಆ ಮಜ್ಜಿಗಿ ನೀವೂ ಕುಡೀತಿದ್ರಿ?”

“ಹೂಂ ರೀ.”

ತಾಯಿ ಕೆಳಗಿಳಿದ ಮೇಲೆ ಅಮೋಗಸಿದ್ಧ ಅಂಗಿಯ ಜೇಬಿನಿಂದ ಮಡಿಸಿದ ಕಾಗದ ತೆಗೆದ. ನೋವಿದ್ದಾಗ ಮಾಡಿಸಿದ ರಕ್ತಪರೀಕ್ಷೆಯ ವರದಿ. “ಎದಿ ಹೆಂಗಸರಂಗ ಬಾತಿತ್ರಿ. ನಾಚಿಕಿ ಬಂತು, ಡಾಕ್ಟರ್ ಕಡಿ ತಿರುಗಿ ಹೋಗಲಿಲ್ಲ.”

ಮರುದಿನ ಸಾತಲಿಂಗಪ್ಪನವರು, ಪ್ರಸಾದ ಇಬ್ಬರೂ ಅಕ್ಕಲಕೋಟೆಗೆ ಹೋದರು. ಛಾಯಾ ಕೇಳಿದ ಮೊದಲ ಮಾತು, “ಅವರ ತಲಿ ಹೆಂಗೈತ್ರಿ?”

ತಲೆ ನೋಯುವಾಗ ಏನು ಮಾಡುತ್ತಿದ್ದೆ ಎಂದು ಸಾತಲಿಂಗಪ್ಪನವರು ವಿಚಾರಿಸಿದರು. “ಹಣಿ ಒತ್ತತಿದ್ದೆ. ನೋವು ಇಳಿಯೂತನ ಬಿಡತಿರಲಿಲ್ಲ.” ಗೋಡೆಯ ಗೂಡಿನಲ್ಲಿ ಒಂದು ಮುಲಾಮಿನ ಟ್ಯೂಬ್ ಇತ್ತು. ಗರ್ಭಚೀಲ, ಅಂಡಾಶಯ ತೆಗೆಸಿಕೊಂಡವರು ದಿನಾಲೂ ತೋಳಿಗೆ ಹಚ್ಚುವಂಥದು. ಅದರ ಮೇಲಿನ ಚೀಟಿ ತನ್ನ ಅಂಗಡಿಯದೇ ಎಂದು ಕಂಡ ಪ್ರಸಾದ ಅದನ್ನು ಮತ್ತೊಮ್ಮೆ ಓದಿದ.

ಭಾನುವಾರ ಎಲ್ಲರೂ ಸಾತಲಿಂಗಪ್ಪನವರ ಕೋಣೆಯಲ್ಲಿ ಸೇರಿದರು.

“ಒಂದೇ ಗಡಿಗಿ ಮಜ್ಜಿಗಿ ಕುಡದು ತಾಯಿ ಆರಾಮ ಅದಾಳ. ಅಂದ್ರ ಹೊಟ್ಟಿಗಿ ಹೋಗಿದ್ದಲ್ಲ,” ಎಂದರು ಅವರು. “ಈ ಕಾಗದದಾಗ ಹೆಣ್ಣಿನ ಹಾರ್ಮೋನು ಭಾಳ ಏರೈತಿ. ಗಂಡಸರಿಗೂ ಅದು ಒಂದೀಟು ಇರತೈತಿ; ಮಿತಿ ಮೀರಿದ್ರ ಎದಿ ಬಾಯತೈತಿ, ಕೆಲವರಿಗಿ ಅರ್ಧತಲಿನೋವೂ ಕೆಣಕತೈತಿ ಅಂತ ನಾ ಕೇಳಿದ ಡಾಕ್ಟರ್ ಹೇಳ್ಯಾರ. ಛಾಯಾ ಆಪರೇಶನ್ ಆದ ಮ್ಯಾಲ ಅದೇ ಹಾರ್ಮೋನಿನ ಮುಲಾಮು ಅಂಗೈಯಿಂದ ತೋಳಿಗಿ ತಿಕ್ಕತಿದ್ಲು. ಗಂಡಗ ಮೊದಲ ಸಾದಾ ತಲಿನೋವು ಬಂದಾಗ, ಕೈ ತೊಳೀಲಾರದ ಹಣಿ ಒತ್ತಿದ್ಲು. ನೋವು ಹೆಚ್ಚಾದಷ್ಟು ಮತ್ತ ಒತ್ತಿದ್ಲು. ವಿಷಾ ಯಾರೂ ಹಾಕಿಲ್ಲ.”

“ನನ್ನ ಕೈಯಿಂದನಾ?” ಛಾಯಾ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಸಾತಲಿಂಗಪ್ಪನವರು ಪ್ರಸಾದನನ್ನು ನೋಡಿದರು. ಟ್ಯೂಬಿನ ಮೇಲಿನ ಅಂಗಡಿಯ ಚೀಟಿಯನ್ನು ಅವರೂ ಕಂಡಿದ್ದರು.

“ತಪ್ಪು ನಂದು,” ಎಂದ ಪ್ರಸಾದ. “ಹಚ್ಚಿದ ಮ್ಯಾಲ ಕೈ ತೊಳ್ಕೋಬೇಕಂತ ಡಬ್ಬಿಯಾಗಿನ ಕಾಗದದಾಗ ಇಂಗ್ಲಿಷಿನ್ಯಾಗ ಐತಿ. ಗಿರಾಕಿ ಗದ್ದಲದಾಗ ನಾ ಹೇಳಲಿಲ್ಲ.”

ತುಳಜಾಬಾಯಿ ಗೋಡೆಗೆ ಒರಗಿದಳು. ಅಮೋಗಸಿದ್ಧ ಎದ್ದು ಬಂದ. “ಮನಿಗಿ ನಡಿ, ಛಾಯಾ.”

“ನಾ ಹಣಿ ಒತ್ತೂಮುಂದ ಕಣ್ಣ ಮುಚ್ಚಿ ಮಲಗತಿದ್ರಿ. ಆವಾಗೂ ನನ್ನ ಮ್ಯಾಲ ಸಂಶೇ ಇತ್ತೇನ್ರಿ?”

ಅಮೋಗಸಿದ್ಧ ತಾಯಿಯ ಕಡೆ ನೋಡಿದ. ಛಾಯಾ ಚಪ್ಪಲಿ ಮೆಟ್ಟಿಕೊಂಡಳು.

ಅಕ್ಕಲಕೋಟೆ ಬಸ್ಸಿನವರೆಗೆ ಪ್ರಸಾದ ಹಿಂದೆಯೇ ಹೋದ.

“ನೀವು ಹೇಳಿದ್ರ ತೊಳ್ಕೋತಿದ್ದೆರಿ ಅಣ್ಣಾ,” ಎಂದಳು ಛಾಯಾ, ಕಿಟಕಿಯಿಂದ.

ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ಹೋದ ಮೇಲೂ ಪ್ರಸಾದ ಅಲ್ಲಿಯೇ ನಿಂತಿದ್ದ.